ಎಷ್ಟು ದಿನ ಇರ್ತೀರಿ ಅಂತ ಕೇಳಬೇಡಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಆಸ್ಪತ್ರೆಯ ಹಿಂಬದಿಯ ನೀರಿನ ಕೋಣೆಯಲ್ಲಿ ಒಂದೇ ದೀಪ. ಆಳೆತ್ತರದ ನಾಲ್ಕು ಸಿಲಿಂಡರುಗಳು ಸಾಲಾಗಿ ನಿಂತು ಗುಳುಗುಳು ಸದ್ದು ಮಾಡುತ್ತಿವೆ. ಅವುಗಳ ನಡುವೆ ಸ್ವೆಟರಿನ ತೋಳನ್ನು ಮೊಣಕೈವರೆಗೆ ಸರಿಸಿಕೊಂಡ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು, ಕಿರುಬೆರಳಿನಷ್ಟು ದಪ್ಪದ ಗಾಜಿನ ಕೊಳವೆಗೆ ನಲ್ಲಿಯಿಂದ ನೀರು ಹಿಡಿಯುತ್ತಾರೆ. ಎರಡು ತೊಟ್ಟು ಔಷಧಿ ಬಿಡುತ್ತಾರೆ. ಕೊಳವೆಯನ್ನು ದೀಪದ ಕಡೆ ಎತ್ತಿ ಹಿಡಿದು, ಜ್ವರದ ಮಗುವಿನ ಥರ್ಮಾಮೀಟರ್ ನೋಡುವವರ ಹಾಗೆ ಕಣ್ಣು ಕಿರಿದು ಮಾಡಿ ಕಾಯುತ್ತಾರೆ. ನೀರಿನ ಬಣ್ಣ ತಿರುಗುವುದಿಲ್ಲ.

"ಹಳದಿ ಬಂತು ಅಂದ್ರೆ ಕ್ಲೋರಿನ್ ಉಳಿದಿದೆ ಅಂತ ಅರ್ಥ. ಆಮೇಲೆ ಡಾಕ್ಟರೇ ಬರಲಿ, ಮಂತ್ರಿನೇ ಬರಲಿ, ನಾನು ಮೆಷಿನ್ ಆನ್ ಮಾಡಲ್ಲ" ಎನ್ನುತ್ತಾ ಏಳುತ್ತಾರೆ. ಏಳುವಾಗ ಮಂಡಿ ಕಟಕ್ ಅನ್ನುತ್ತದೆ. "ಇದೊಂದು ಮಾತ್ರ ನನ್ನ ಮಾತು ಕೇಳಲ್ಲ ನೋಡಿ."

ಇವರು ಡಯಾಲಿಸಿಸ್ ಟೆಕ್ನಿಷಿಯನ್. ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಮೆಷಿನ್ನಿನಲ್ಲಿ ಹಾಯಿಸಿ, ತೊಳೆದು, ಮತ್ತೆ ದೇಹಕ್ಕೆ ಕಳಿಸುವುದು ಕೆಲಸ. ಎಂಟು ಮೆಷಿನ್ನು, ದಿನಕ್ಕೆ ಮೂರು ಸರದಿ, ಇಪ್ಪತ್ತನಾಲ್ಕು ಜನ. ಒಬ್ಬೊಬ್ಬರಿಗೆ ನಾಲ್ಕು ಗಂಟೆ, ಎರಡೆರಡು ಸೂಜಿ, ನೂರಿಪ್ಪತ್ತು ಲೀಟರ್ ಶುದ್ಧ ನೀರು. ಕೈ ಹಗುರ ಅಂತ ರೋಗಿಗಳು ಇಟ್ಟ ಹೆಸರು 'ಸೂಜಿ ಅಕ್ಕ'. ವಯಸ್ಸಲ್ಲಿ ಅಪ್ಪನಷ್ಟು ದೊಡ್ಡವರೂ ಅಕ್ಕ ಅಂತಲೇ ಕರೆಯುತ್ತಾರೆ. ವಯಸ್ಸು ಮೂವತ್ತೆಂಟು. ಗಂಡ ಸೇನೆಯಲ್ಲಿ ವಾಹನಗಳ ಮೆಕ್ಯಾನಿಕ್. ಮದುವೆಯಾಗಿ ಹದಿನಾರು ವರ್ಷ, ಇದು ಏಳನೇ ಊರು, ಆರನೇ ಕೆಲಸ. ಆರರಲ್ಲಿ ಒಂದೂ ಕಾಯಂ ಅಲ್ಲ.

ಕಳೆದ ಎಂಟು ತಿಂಗಳಿಂದ ಈ ವಾರ್ಡಿನ ಮುಖ್ಯಸ್ಥೆಯ ಕೆಲಸವನ್ನು ಇವರೇ ಮಾಡುತ್ತಿದ್ದಾರೆ. ಬಾಗಿಲ ಮೇಲಿನ ಫಲಕದಲ್ಲಿ ಮಾತ್ರ 'ಹಂಗಾಮಿ' ಅನ್ನುವ ಪದ ಅಂಟಿಕೊಂಡಿದೆ. ಅದನ್ನು ಕೀಳುವುದೋ ಬೇಡವೋ ಅಂತ ತೀರ್ಮಾನಿಸಲು ಇವತ್ತು ಹನ್ನೊಂದು ಗಂಟೆಗೆ ಮೂರನೇ ಮಹಡಿಯಲ್ಲಿ ಸಮಿತಿ ಕೂರುತ್ತದೆ. ಅಲ್ಲಿ ಕೇಳುವ ಮೊದಲ ಪ್ರಶ್ನೆ ಏನು ಅನ್ನುವುದು ಅಕ್ಕನಿಗೆ ಬಾಯಿಪಾಠ. ಹದಿನಾರು ವರ್ಷದಿಂದ ಅದೊಂದೇ ಪ್ರಶ್ನೆ.

ಐದೂವರೆಗೆ ಮೊದಲನೇ ಮಂಚಕ್ಕೆ ಬರುವವರು ದರ್ಜಿ ತಾತ. ಐವತ್ತು ವರ್ಷ ಹೊಲಿಗೆ ಮೆಷಿನ್ ತುಳಿದವರು. ಈ ಕಾಯಿಲೆಯಲ್ಲಿ ಕುಡಿದ ನೀರು ಮೈಯಲ್ಲೇ ಉಳಿದು ತೂಕದಲ್ಲಿ ಸಿಕ್ಕಿಬೀಳುತ್ತದೆ. ತೂಕದ ಯಂತ್ರದ ಮೇಲೆ ನಿಲ್ಲುವ ಮೊದಲು ಚಪ್ಪಲಿ ಬಿಡುತ್ತಾರೆ, ಕನ್ನಡಕ ತೆಗೆಯುತ್ತಾರೆ, ಜೇಬಿನ ಕರವಸ್ತ್ರವನ್ನೂ ಆಚೆ ಇಡುತ್ತಾರೆ.

"ಮೂರು ಕಿಲೋ ಜಾಸ್ತಿ ಬಂದಿದೀರಿ ತಾತ. ಕೊಡಗಟ್ಟಲೆ ನೀರು ಕುಡಿದಿದೀರಿ."

"ಇಲ್ಲ ತಾಯಿ, ಒಂದೇ ಲೋಟ. ಲೋಟ ಸ್ವಲ್ಪ ದೊಡ್ಡದಿತ್ತು, ಅಷ್ಟೆ."

"ಲೋಟ ದೊಡ್ಡದಲ್ಲ, ನಿಮ್ಮ ಸುಳ್ಳು ದೊಡ್ಡದು. ಕೈ ಕೊಡಿ ಇಲ್ಲಿ."

ಮುಂಗೈಯಲ್ಲಿ ಉಬ್ಬಿದ ರಕ್ತನಾಳದ ಮೇಲೆ ಅಕ್ಕ ಎರಡು ಬೆರಳು ಇಡುತ್ತಾರೆ. ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಎರಡು ನಾಳಗಳನ್ನು ಜೋಡಿಸಿದ ಜಾಗ ಅದು. ಸರಿಯಾಗಿದ್ದರೆ ನಿದ್ದೆಯಲ್ಲಿರುವ ಬೆಕ್ಕಿನ ಹೊಟ್ಟೆ ಮುಟ್ಟಿದ ಹಾಗೆ ಗುರ್ ಅನ್ನುತ್ತದೆ. ಅದು ನಿಂತು, ಬೇರೆ ದಾರಿ ಸಿಗದಿದ್ದರೆ ಮನುಷ್ಯನೂ ಹೆಚ್ಚು ದಿನ ಇರುವುದಿಲ್ಲ. ತಾತ ಮುಖ ಆ ಕಡೆ ತಿರುಗಿಸಿ, "ಐವತ್ತು ವರ್ಷ ಬಟ್ಟೆಗೆ ಚುಚ್ಚಿದೆ. ಈಗ ಬಟ್ಟೆ ಸೇಡು ತೀರಿಸ್ಕೊಳ್ತಿದೆ" ಅನ್ನುವಷ್ಟರಲ್ಲಿ ಎರಡೂ ಸೂಜಿ ಒಳಗೆ ಹೋಗಿ, ಮೇಲೆ ಟೇಪೂ ಬಿದ್ದಿರುತ್ತದೆ.

ಅಕ್ಕ ಮದುವೆಗೆ ಮುಂಚೆಯೇ ಡಯಾಲಿಸಿಸ್ ಕೋರ್ಸ್ ಮುಗಿಸಿದ್ದರು. ತರಗತಿಗೇ ಮೊದಲು. ಗಂಡನ ಜೊತೆ ಮೊದಲ ಊರಿಗೆ ಹೋದಾಗ, ಆರು ತಿಂಗಳಲ್ಲಿ ಕೆಲಸ ಸಿಕ್ಕೇ ಸಿಗುತ್ತದೆ ಅಂದುಕೊಂಡಿದ್ದರಂತೆ. ಸಂದರ್ಶನಕ್ಕೆ ಕೂತರೆ ಪ್ರಮಾಣಪತ್ರ ನೋಡಿ ಎಲ್ಲರ ಮುಖವೂ ಅರಳುತ್ತಿತ್ತು. 'ಗಂಡನ ಉದ್ಯೋಗ' ಅನ್ನುವ ಕಾಲಂಗೆ ಕಣ್ಣು ಹೋದ ಕೂಡಲೇ ಪೆನ್ನಿನ ಮುಚ್ಚಳ ಹಾಕಿಬಿಡುತ್ತಿದ್ದರು. 'ಎಷ್ಟು ದಿನ ಇರ್ತೀರಿ?' ಅನ್ನುವ ಪ್ರಶ್ನೆ ಬರುತ್ತಿತ್ತು. "ನಿಮಗೆ ಕಲಿಸಿ, ತಯಾರು ಮಾಡಿ, ಕಡೆಗೆ ಬೇರೆ ಊರಿಗೆ ಧಾರೆ ಎರೆದು ಕೊಡಬೇಕಾ?" ಅಂತ ಒಬ್ಬರು ನೇರವಾಗಿಯೇ ಕೇಳಿದರು. ಇನ್ನೊಬ್ಬರು ಟೆಕ್ನಿಷಿಯನ್ ಕೆಲಸದ ಬದಲು ಟೋಕನ್ ಕೊಡುವ ಕಿಟಕಿಯಲ್ಲಿ ಕೂರಿಸಿದರು. ಎರಡನೇ ಊರಿನಲ್ಲಿ ಅದೂ ಸಿಗದೆ, ಒಂದು ವರ್ಷ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಕೆದರಿಟ್ಟ ಅಂಗಿ ಮಡಚಿದರು.

ಅತ್ತೆ ಫೋನಿನಲ್ಲಿ ಬುದ್ಧಿ ಹೇಳುತ್ತಿದ್ದರು. "ಅವನು ದೇಶ ಕಾಯ್ತಾನೆ, ನೀನು ಮನೆ ಕಾಯಿ, ಸಾಕು."

"ಮನೆ ಎಲ್ಲಿದೆ ಅತ್ತೆ ಕಾಯೋಕೆ? ಎರಡು ವರ್ಷಕ್ಕೊಂದು ಸಲ ಅದೇ ಎದ್ದು ಹೊರಟುಬಿಡುತ್ತೆ" ಅಂತ ಸೊಸೆ ಅಂದಾಗ, ಆ ಕಡೆಯಿಂದ ಅತ್ತೆ ನಕ್ಕುಬಿಟ್ಟರಂತೆ. ಆಮೇಲೆ ಆ ಬುದ್ಧಿವಾದ ನಿಂತಿತು.

ನಾಲ್ಕನೇ ಊರಿನಲ್ಲಿ ಸೇನಾ ವಸತಿಯ ಪಕ್ಕದ ಮನೆಯಾಕೆ ಒಂದು ಉಪಾಯ ಹೇಳಿಕೊಟ್ಟರು. ಗಂಡ ಸೇನೆಯಲ್ಲಿದ್ದಾರೆ ಅಂತ ಹೇಳಲೇಬೇಡ, ಯಾವುದೋ ಕಂಪನಿ ಅಂತ ಬರೆದುಬಿಡು. ಅಕ್ಕ ಹಾಗೇ ಬರೆದರು. ಸಂದರ್ಶನ ಸಲೀಸಾಗಿ ಮುಗಿಯಿತು. ಏಳುವ ಹೊತ್ತಿಗೆ ಆಸ್ಪತ್ರೆಯ ಮಾಲೀಕರು, "ನಾಳೆ ಎಷ್ಟು ಹೊತ್ತಿಗೆ ಬರ್ತೀರಮ್ಮ?" ಅಂದರು. ಮನೆಯಲ್ಲಿ ಗಂಡನ ಬಾಯಲ್ಲಿ ದಿನಾ ಕೇಳಿ ಕೇಳಿ ರೂಢಿಯಾದ ನಾಲಿಗೆ, "ಹದಿನಾಲ್ಕು ಗಂಟೆಗೆ ಸರ್" ಅಂದುಬಿಟ್ಟಿತು.

ಮಾಲೀಕರು ನಕ್ಕರು. "ಏನಮ್ಮ, ಯಜಮಾನರು ರೈಲ್ವೆಯಲ್ಲಿದ್ದಾರಾ?"

"ಮುಳುಗೋವ್ರಿಗೆ ಹಗ್ಗ ಎಸೆದ ಹಾಗಾಯ್ತು. ಹೌದು ಸರ್, ರೈಲ್ವೆ ಅಂದೆ" ಎಂದು ಅಕ್ಕ ಈಗ ನಗುತ್ತಾರೆ. "ಅಲ್ಲಿಗೆ ಬಂತು ಗ್ರಹಚಾರ. ಹದಿನಾಲ್ಕು ತಿಂಗಳು ಆಸ್ಪತ್ರೆಯವರೆಲ್ಲ ಯಾವ ರೈಲು ಎಷ್ಟೊತ್ತಿಗೆ ಅಂತ ನನ್ನನ್ನೇ ಕೇಳೋರು. ರೈಲ್ವೆ ಟೈಮ್ ಟೇಬಲ್ ತಂದಿಟ್ಟುಕೊಂಡು ಪರೀಕ್ಷೆಗೆ ಓದಿದ ಹಾಗೆ ಓದ್ತಿದ್ದೆ. ನಮ್ಮನೆಯವರು ನೋಡಿ ನೋಡಿ, 'ನನ್ನ ಕೆಲಸ ಯಾವಾಗ ಬದಲಾಯ್ತೇ?' ಅಂತ ಕೇಳಿದ್ರು."

ನಗು ಅಲ್ಲಿಗೆ ನಿಲ್ಲುತ್ತದೆ. ಹದಿನೈದನೇ ತಿಂಗಳು ಗಂಡನಿಗೆ ವರ್ಗಾವಣೆಯ ಆದೇಶ ಬಂತು. ಹತ್ತು ದಿನದಲ್ಲಿ ಹೊರಡಬೇಕು. ಸುಳ್ಳು ಹೇಳಿ ಸೇರಿದವರು ಮುಂಚಿತವಾಗಿ ಏನಂತ ಹೇಳುವುದು? ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಎಂಟು ದಿನ ಕಳೆಯಿತು. ಕೊನೆಗೆ ಹೇಳಿದಾಗ ಮಾಲೀಕರು "ಟೋಪಿ ಹಾಕಿದಿರಿ" ಅಂದರು, ಅನುಭವದ ಪತ್ರ ಕೊಡಲಿಲ್ಲ. ಅಕ್ಕನ ಜಾಗಕ್ಕೆ ತರಾತುರಿಯಲ್ಲಿ ಹೊಸ ಹುಡುಗಿಯೊಬ್ಬಳನ್ನು ತಂದರು.

ಆ ವಾರ್ಡಿನಲ್ಲಿ ನಿವೃತ್ತ ಟೀಚರೊಬ್ಬರಿದ್ದರು. ಅವರ ರಕ್ತನಾಳ ಒಳಗೆ ಗಕ್ಕನೆ ಎಡಕ್ಕೆ ತಿರುಗುತ್ತಿತ್ತು. ಸೂಜಿಯನ್ನು ಮಲಗಿಸಿ ಹಾಕಬೇಕು ಅನ್ನುವುದು ಅಕ್ಕನ ಬೆರಳಿಗೆ ಮಾತ್ರ ಗೊತ್ತಿತ್ತು. ಹೊಸ ಹುಡುಗಿ ನೇರವಾಗಿ ಹಾಕಿದಳು. ನಾಳ ತೂತಾಗಿ ರಕ್ತ ಒಳಗೇ ಹರಿಯಿತು, ತೋಳು ಬದನೆಕಾಯಿಯ ಹಾಗೆ ನೀಲಿಗಟ್ಟಿತು, ಎರಡು ದಿನದಲ್ಲಿ ಆ ಗುರ್ ಸದ್ದು ನಿಂತೇ ಹೋಯಿತು. ಕುತ್ತಿಗೆಗೆ ನಳಿಗೆ ಹಾಕಿ, ಇನ್ನೊಂದು ಕೈಗೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಟೀಚರೇ ಫೋನ್ ಮಾಡಿ ಹೇಳಿದರು. ಬೈಯಲಿಲ್ಲ. "ನೀನು ಒಂದು ಚೀಟಿ ಬರೆದಿಟ್ಟು ಹೋಗಿದ್ರೆ ಸಾಕಿತ್ತಲ್ಲ ಮಗಳೇ" ಅಂದರು, ಅಷ್ಟೆ.

"ಬೈದಿದ್ರೆ ಎಷ್ಟೋ ವಾಸಿಯಾಗಿತ್ತು" ಎನ್ನುತ್ತಾರೆ ಅಕ್ಕ.

ಆ ಫೋನ್ ಬರುವ ಎರಡು ವಾರ ಮುಂಚೆ, ಊರು ಬಿಡುವ ಹಿಂದಿನ ದಿನ ಗಂಡನ ವರ್ಕ್‌ಶಾಪಿಗೆ ಊಟ ತಗೊಂಡು ಹೋಗಿದ್ದ ನೆನಪು ಬಂತಂತೆ. ಸೇನೆಯಲ್ಲಿ ಹಾಗೇ ಎದ್ದು ಬರುವಂತಿಲ್ಲ. ತನ್ನ ವಶದಲ್ಲಿದ್ದುದನ್ನೆಲ್ಲ ಮುಂದೆ ಬರುವವನಿಗೆ ಒಂದೊಂದಾಗಿ ತೋರಿಸಿ, ಬರೆದು, ಸಹಿ ಹಾಕಿಸಿ ಒಪ್ಪಿಸಬೇಕು. ಗಂಡ ನೆಲದ ಮೇಲೆ ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸಿ ಕೂತಿದ್ದರು. ಕೊನೆಯಲ್ಲಿ ಒಂದು ಬಕೆಟ್. ಅದರ ಪಕ್ಕದಲ್ಲಿ 'ತಳದಲ್ಲಿ ತೂತಿದೆ' ಅಂತ ಬರೆದಿತ್ತು.

"ಒಂದು ತೂತು ಬಕೆಟ್ಟಿಗೆ ಸಹಿ ಹಾಕಿಸ್ಕೊಂಡು ಬಂದ್ರು ಇವರು. ನಾನು ಇಪ್ಪತ್ತೆರಡು ಜನರ ಕೈಗಳನ್ನ ಹಂಗೇ ಬಿಟ್ಟು ಬಂದಿದ್ದೆ."

ಮುಂದಿನ ಊರಿನಿಂದ ಎರಡು ವಿಷಯ ಬದಲಾಯಿತು. ಸಂದರ್ಶನದಲ್ಲಿ ಕುರ್ಚಿಯ ಮೇಲೆ ಕೂರುವ ಮೊದಲೇ ಹೇಳಿಬಿಡುವುದು: ನಾನು ಸೈನಿಕನ ಹೆಂಡತಿ, ಒಂದಲ್ಲ ಒಂದು ದಿನ ಹೋಗ್ತೀನಿ, ಆದ್ರೆ ಹೇಳಿ ಹೋಗ್ತೀನಿ, ಬರೆದಿಟ್ಟು ಹೋಗ್ತೀನಿ. ಹೀಗೆ ಹೇಳಿ ಒಂಬತ್ತು ಕಡೆ ಬಾಗಿಲು ಹಾಕಿಸಿಕೊಂಡರು. ಎರಡು ಕಡೆ ತೆರೆಯಿತು. ಎರಡನೆಯದು, ಕೆಲಸಕ್ಕೆ ಸೇರಿದ ಮೊದಲ ದಿನವೇ ಒಂದು ದಪ್ಪ ಪುಸ್ತಕ ತೆರೆಯುವುದು.

ನೀಲಿ ರಟ್ಟಿನ ಆ ಪುಸ್ತಕ ಈಗ ವಾರ್ಡಿನ ಮೇಜಿನ ಮೇಲಿದೆ. ಒಬ್ಬ ರೋಗಿಗೆ ಎರಡು ಪುಟ. ಎಡಗಡೆ ಕೈಯ ಚಿತ್ರ, ಸೂಜಿ ಹಾಕುವ ಜಾಗದ ಗುರುತು. ಬಲಗಡೆ ಬರವಣಿಗೆ. 'ಹೊಲಿಗೆಯ ಗುರುತಿನಿಂದ ಎರಡು ಬೆರಳು ಮೇಲೆ. ಅದರ ಕೆಳಗೆ ಬೇಡ.' 'ಮೂರನೇ ಗಂಟೆಗೆ ಬಿಪಿ ಇಳಿಯುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ, ಕಾಲ್ಬೆರಳು ಮಡಚಿಕೊಳ್ಳುತ್ತಾರೆ, ಅದನ್ನು ನೋಡಿ.' 'ಮಗನ ವಿಷಯ ಕೇಳಬೇಡಿ.' ದರ್ಜಿ ತಾತನ ಪುಟದಲ್ಲಿ ಹೀಗಿದೆ: 'ನೀರಿನ ವಿಷಯದಲ್ಲಿ ಇವರು ಹೇಳಿದ್ದನ್ನು ನಂಬುವಂತಿಲ್ಲ.' ತಾತ ಅದನ್ನು ಓದಿದ್ದಾರೆ. ಓದಿ, ಕೆಳಗೆ ಪೆನ್ಸಿಲಿನಲ್ಲಿ 'ಸತ್ಯ' ಅಂತ ಬರೆದು ಸಹಿ ಹಾಕಿದ್ದಾರೆ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅಕ್ಕ ಕೈಗವಸು ತೆಗೆದು, ಕೈ ತೊಳೆದು, ಕನ್ನಡಿಯೂ ನೋಡದೆ ಮೆಟ್ಟಿಲು ಹತ್ತುತ್ತಾರೆ. ಲಿಫ್ಟ್ ರೋಗಿಗಳಿಗೆ.

ಸಮಿತಿಯಲ್ಲಿ ಮೂವರು. ಮಾತಾಡುವವರು ಮಾತ್ರ ಒಬ್ಬರೇ, ಆಸ್ಪತ್ರೆಯ ಆಡಳಿತಾಧಿಕಾರಿ. ಕೆಟ್ಟವರೇನಲ್ಲ. ಎಲ್ಲರನ್ನೂ "ಅಮ್ಮ" ಅಂತಲೇ ಮಾತಾಡಿಸುತ್ತಾರೆ. ಕೆಲಸದ ಬಗ್ಗೆ ಒಂದೇ ಒಂದು ದೂರೂ ಇಲ್ಲ ಅಂತ ಅವರೇ ಹೊಗಳಿ, ಒಂದು ಹಾಳೆಯನ್ನು ಮೇಜಿನ ಈಚೆಗೆ ತಳ್ಳುತ್ತಾರೆ. ಮುಖ್ಯಸ್ಥೆಯ ಹುದ್ದೆ, ಕಾಯಂ. ಕೆಳಗೆ ಒಂದು ಷರತ್ತು: ಪತಿಗೆ ವರ್ಗಾವಣೆಯಾದರೂ ಮೂರು ವರ್ಷ ಈ ಊರು ಬಿಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು.

"ಸರ್, ನನಗಿಂತ ಮುಂಚೆ ಈ ಹುದ್ದೆಯಲ್ಲಿ ಎಷ್ಟು ಜನ ಇದ್ರು?"

"ಅದೀಗ ಯಾಕಮ್ಮ?"

"ನಾಲ್ಕು ವರ್ಷದಲ್ಲಿ ನಾಲ್ಕು ಜನ. ನಾಲ್ಕೂ ಜನ ಇದೇ ಊರಿನವರು, ಸ್ವಂತ ಮನೆ ಇದ್ದವರು. ಜಾಸ್ತಿ ಇದ್ದವರು ಹದಿನಾಲ್ಕು ತಿಂಗಳು. ಕಡೆಯವರು ಐದು ತಿಂಗಳಿಗೇ ಬೇರೆ ಆಸ್ಪತ್ರೆ ನೋಡ್ಕೊಂಡ್ರು, ಕಬೋರ್ಡಿನ ಬೀಗದ ಕೈಯನ್ನೂ ಕೊಟ್ಟು ಹೋಗಲಿಲ್ಲ, ಒಡೆಸಿದ್ದು ನಾನು. ಅವರ ಹತ್ರ ಮುಚ್ಚಳಿಕೆ ಬರೆಸ್ಕೊಂಡಿದ್ರಾ?"

ಸಮಿತಿಯ ಹಿರಿಯ ಡಾಕ್ಟರ್ ಕೆಮ್ಮುತ್ತಾರೆ.

"ನಾನಿಲ್ಲಿ ಬಂದು ಎರಡು ವರ್ಷ ನಾಲ್ಕು ತಿಂಗಳಾಯ್ತು. ಎಲ್ಲರಿಗಿಂತ ಜಾಸ್ತಿ ಇದ್ದವಳನ್ನ ಕೂರಿಸ್ಕೊಂಡು ಎಷ್ಟು ದಿನ ಇರ್ತೀಯ ಅಂತ ಕೇಳ್ತಿದೀರಿ."

"ಹಾಗಲ್ಲಮ್ಮ. ನಿಮ್ಮ ಯಜಮಾನರ ಕೆಲಸ ಹಾಗಿದೆಯಲ್ಲ."

"ಕೆಲಸಕ್ಕೆ ಅರ್ಜಿ ಹಾಕಿದ್ದು ಅವರಲ್ಲ ಸರ್, ನಾನು. ನನ್ನ ಸೂಜಿ ಬಗ್ಗೆ ಕೇಳಿ. ಎರಡು ತಿಂಗಳು ಮುಂಚೆ ಹೇಳಬೇಕು, ಮುಂದಿನವರಿಗೆ ಕಲಿಸಿ ಒಪ್ಪಿಸಿ ಹೋಗಬೇಕು ಅಂತ ಬರೀರಿ, ಎರಡೂ ಕೈಯಲ್ಲಿ ಸಹಿ ಹಾಕ್ತೀನಿ. ಇದಕ್ಕೆ ಹಾಕಲ್ಲ."

"ಹಾಕದೆ ಇದ್ರೆ ಹುದ್ದೆ ಹೊರಗಿನವರಿಗೆ ಹೋಗಬಹುದು. ಯೋಚನೆ ಮಾಡಿ."

"ಹದಿನಾರು ವರ್ಷ ಅದನ್ನೇ ಮಾಡಿದೀನಿ ಸರ್" ಅಂದವರು ಪೆನ್ನು ತೆಗೆದು, ಷರತ್ತಿನ ಸಾಲಿನ ಮೇಲೆ ಒಂದು ಗೆರೆ ಎಳೆದು, ಉಳಿದದ್ದಕ್ಕೆ ಕೆಳಗೆ ಸಹಿ ಹಾಕಿ, ಹಾಳೆಯನ್ನು ತಿರುಗಿಸಿ ಮುಂದಿಟ್ಟು ಎದ್ದು ಬರುತ್ತಾರೆ.

ಮೆಟ್ಟಿಲಿಳಿದವರು ನೇರವಾಗಿ ವಾರ್ಡಿಗೆ ಹೋಗಲಿಲ್ಲ ಅಂತ ಒಪ್ಪಿಕೊಳ್ಳುತ್ತಾರೆ. "ಚುಚ್ಚೋ ಕೈ ಇದು, ಮನಸ್ಸು ನೆಟ್ಟಗಿರಬೇಕು. ಹತ್ತು ನಿಮಿಷ ಯಾರನ್ನೂ ಮುಟ್ಟಲಿಲ್ಲ. ನೀರಿನ ಕೋಣೆಗೆ ಹೋಗಿ ನಿಂತ್ಕೊಂಡೆ." ಹುದ್ದೆ ಕೈತಪ್ಪಿದರೆ ಮತ್ತೆ ಹಂಗಾಮಿ, ಮತ್ತೆ ಹನ್ನೊಂದು ತಿಂಗಳಿಗೊಮ್ಮೆ ಅರ್ಜಿ. ಹೊಸ ಮುಖ್ಯಸ್ಥರಿಗೆ ಇವರು ಬೇಡ ಅನಿಸಿದರೆ ಅದೂ ಇಲ್ಲ.

ಮನೆ ಅಂದರೆ ಸೇನಾ ವಸತಿಯ ಎರಡು ಕೋಣೆ. ಅಟ್ಟದ ಮೇಲೆ ನಂಬರು ಬರೆದ ಹನ್ನೊಂದು ರಟ್ಟಿನ ಪೆಟ್ಟಿಗೆಗಳು ಖಾಲಿಯಾಗಿ ಕಾಯುತ್ತಿವೆ. ಎಸೆದರೆ ಮತ್ತೆ ಹುಡುಕಬೇಕಲ್ಲ. ಗೋಡೆಗೆ ಒಂದೇ ಮೊಳೆ. ಮಗಳಿಗೆ ಹನ್ನೆರಡು ವರ್ಷ, ಇದು ಐದನೇ ಶಾಲೆ. ಅಮ್ಮ ಬೆಳಗ್ಗೆ ನಾಲ್ಕೂವರೆಗೇ ಹೊರಡುವುದರಿಂದ ಅವಳ ಎರಡು ಜಡೆ ಹೆಣೆಯುವವರು ಅಪ್ಪ. ಇಂಜಿನ್ ಬೆಲ್ಟ್ ಬಿಗಿದ ಹಾಗೆ ಬಿಗಿಯುತ್ತಾರೆ, ಸಂಜೆಯವರೆಗೂ ಒಂದು ಕೂದಲು ಅಲುಗುವುದಿಲ್ಲ. ಆ ಸಂಜೆ ಜಡೆ ಬಿಚ್ಚುತ್ತಾ ಕೂತ ಅಮ್ಮನಿಗೆ ಅವಳು, "ಸಹಿ ಹಾಕಿಬಿಡಬೇಕಿತ್ತಮ್ಮ. ಆಮೇಲೆ ಹೋಗೋದಾದ್ರೆ ಹೋಗಬಹುದಿತ್ತು. ಯಾರು ಹಿಡ್ಕೊಳ್ತಾರೆ?" ಅಂದಳು.

"ಅಂದ್ರೆ ಇನ್ನೊಂದು ಸಲ ರೈಲ್ವೆ ಅಂತ ಹೇಳು ಅಂತೀಯ?"

ಮಗಳಿಗೆ ಆ ಕಥೆ ಗೊತ್ತು. ಇನ್ನೊಂದು ಜಡೆಯನ್ನು ಅಮ್ಮನ ಕಡೆ ತಿರುಗಿಸಿದಳು.

ಆರು ದಿನ ಏನೂ ಬರಲಿಲ್ಲ. ಏಳನೇ ದಿನ, ಮೊದಲ ಸರದಿ ಮುಗಿಯುವ ಮುಂಚೆ ಪತ್ರ ಬಂತು. ಹುದ್ದೆ ಇವರಿಗೇ. ಷರತ್ತಿನ ಸಾಲು ಇರಲಿಲ್ಲ. ಅದರ ಜಾಗದಲ್ಲಿ ಎರಡು ತಿಂಗಳ ಮುನ್ಸೂಚನೆ, ಲಿಖಿತ ಹಸ್ತಾಂತರ. ಕೆಮ್ಮಿದ ಡಾಕ್ಟರ್ ನೀಲಿ ಪುಸ್ತಕವನ್ನು ತರಿಸಿಕೊಂಡು ಒಂದು ಮಧ್ಯಾಹ್ನವೆಲ್ಲ ಓದಿದರು ಅನ್ನುವುದು ಆಮೇಲೆ ಗೊತ್ತಾಯಿತು. ದರ್ಜಿ ತಾತ ಮಂಚದಿಂದಲೇ, ಫಲಕದ 'ಹಂಗಾಮಿ'ಯನ್ನು ತಾನೇ ಕೀಳುತ್ತೇನೆಂದು ಹಟ ಹಿಡಿದರು. ಎರಡು ಸೂಜಿ ಕೈಯಲ್ಲಿರುವಾಗ ಏಳುವಂತಿಲ್ಲ ಅಂತ ಗದರಿಸಿ ಮಲಗಿಸಬೇಕಾಯಿತು.

ಅದಾಗಿ ಹನ್ನೊಂದು ದಿನಕ್ಕೆ ಗಂಡನಿಗೆ ಆದೇಶ ಬಂತು. ದೂರದ ಗಡಿ, ಆರು ವಾರದಲ್ಲಿ ಹಾಜರಾಗಬೇಕು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರಂತೆ. ಅಕ್ಕ ಒಲೆ ಆರಿಸಿದರು. ಮಗಳು ಪುಸ್ತಕ ಮುಚ್ಚಿದಳು. ಅಟ್ಟದ ಕಡೆ ಮೊದಲು ನೋಡಿದ್ದು ಗಂಡನೇ.

"ಹನ್ನೊಂದೂ ಇಳಿಸಲಾ?"

"ನಿಮ್ಮದಕ್ಕೆ ಎಷ್ಟು ಬೇಕು?"

ಅವರು ಹೆಂಡತಿಯ ಮುಖ ನೋಡಿದರು. "ಎರಡು ಸಾಕು."

"ಹಾಗಾದ್ರೆ ಎರಡು ಇಳಿಸಿ."

ಅಷ್ಟೇ ಮಾತಾಯಿತು ಅಂತ ಹೇಳುತ್ತಾರೆ. ಪೂರ್ತಿ ಅಷ್ಟೇ ಅಲ್ಲ. ಎರಡು ದಿನ ಅತ್ತಿದ್ದೂ ಇದೆ. ಗಂಡ ಹೋದ ಮೇಲೆ ಸೇನಾ ವಸತಿ ಬಿಡಬೇಕು, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಎರಡು ಕೋಣೆ ನೋಡಿಯಾಗಿದೆ. ಬೆಳಗಿನ ಜಾವ ಮಗಳ ಜೊತೆಗಿರಲು ಅತ್ತೆಯೇ ಬರುತ್ತಾರೆ. "ಮನೆ ಈ ಸಲ ಎದ್ದು ಹೋಗಲ್ಲ ತಾನೆ? ಹಾಗಾದ್ರೆ ಬಂದು ಕಾಯ್ತೀನಿ" ಅಂದರಂತೆ. ಗಂಡನನ್ನು ಕೇಳಿದರೆ ನಾಚಿಕೊಂಡು ಮೀಸೆ ತೀಡುತ್ತಾರೆ. "ಹದಿನಾರು ವರ್ಷ ಇವಳು ನನ್ನ ಹಿಂದೆ ಬಂದ್ಲು. ಇನ್ನು ರಜ ಸಿಕ್ಕಾಗೆಲ್ಲ ನಾನು ಇವಳ ಹಿಂದೆ ಬರ್ತೀನಿ. ಜಡೆ ಹಾಕೋದೊಂದನ್ನ ಅಮ್ಮನಿಗೆ ಬರೆದು ಒಪ್ಪಿಸಬೇಕು."

ಆದೇಶದ ಸುದ್ದಿ ಮೂರನೇ ಮಹಡಿಗೆ ತಲುಪಲು ಎರಡು ದಿನ ಹಿಡಿಯಿತು. ಬೆಳಗಿನ ಮೊದಲ ಸರದಿ. ಅಕ್ಕ ಐದನೇ ಮಂಚದ ರೋಗಿಯ ಕೈ ಹಿಡಿದು ಕೂತಿದ್ದಾರೆ. ಆಡಳಿತಾಧಿಕಾರಿ ವಾರ್ಡಿನ ಬಾಗಿಲಲ್ಲಿ ನಿಲ್ಲುತ್ತಾರೆ. ದನಿಯಲ್ಲಿ ಅರ್ಧ ಬೇಸರ, ಅರ್ಧ ಗೆಲುವು.

"ಅಂತೂ ಆರ್ಡರ್ ಬಂತಂತೆ. ನಾನು ಹೇಳಿರಲಿಲ್ವಾ ಅಮ್ಮ?"

ಅಕ್ಕ ತಲೆ ಎತ್ತುವುದಿಲ್ಲ. ಬೆರಳು ನಾಳದ ಮೇಲಿದೆ. "ಬಂದಿದೆ ಸರ್. ಅವರಿಗೆ ಬಂದಿದೆ, ನನಗಲ್ಲ."

ಆಡಳಿತಾಧಿಕಾರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಗುತ್ತದೆ. "ಅಂದ್ರೆ ನೀವು ಇರ್ತೀರಾ? ಹಾಗಿದ್ರೆ ಆವತ್ತು ಆ ಕಾಗದಕ್ಕೆ ಸಹಿ ಹಾಕಬಹುದಿತ್ತಲ್ಲಮ್ಮ!"

ಸೂಜಿ ಒಳಗೆ ಹೋಗುತ್ತದೆ. ಕೊಳವೆಯಲ್ಲಿ ಕೆಂಪು ಏರುತ್ತದೆ. ಟೇಪ್ ಹಚ್ಚಿ, ಒಮ್ಮೆ ಒತ್ತಿ ನೋಡಿ, ಆಮೇಲೆ ಅಕ್ಕ ತಿರುಗುತ್ತಾರೆ.

"ಹಾಕಿದ್ರೆ ನೀವು ಇಟ್ಕೊಂಡ ಹಾಗಾಗ್ತಿತ್ತು ಸರ್. ಈಗ ನಾನಾಗೇ ಇದೀನಿ."